ಅಕ್ಕನ ಬೆಣ್ಣಿ, ನಮ್ಮ ಸೊನ್ನಿ ಬಿಲ್ಲು

ಈಗೀಗ ನನಗೊಂದು ಚಟ ಹತ್ತೇತಿ. ಏನೂ ಬೇಕಾಗಿರದಿದ್ದರೂ ಫ್ರಿಜ್ಜಿನ ಬಾಗಲಾ ತಗದು ಅದರ ಮುಂದ ನಿಂತುಬಿಡ್ತೀನಿ. ಒಳಗ ಏನೈತಿ ಅಂತ ಗೊತ್ತಿಲ್ಲಂತಲ್ಲ. ಒಂದು ಬಟ್ಟಲ ಚಟ್ನಿ, ಅರ್ಧ ಹೋಳು ಲಿಂಬಿಹಣ್ಣು, ಹಾಲಿನ ಪಾತೇಲಿ, ಯಾಕ ತಂದೆ ಅಂತ ನನಗ ನೆನಪಿಲ್ಲದ ಒಂದು ಸಾಸಿನ ಬಾಟ್ಲಿ. ಆದರೂ ನಿಂತಿರ್ತೀನಿ. ಹೊರಗಿನ ಖೋಲಿಯಿಂದ ನಮ್ಮನಿಯವರು ಕೂಗ್ತಾರ, “ಬಾಗಲಾ ಹಾಕ! ಯುನಿಟ್ ಹೊಂಟಾವು!” ಎಮ್ಮಿ ಹಗ್ಗ ಬಿಚ್ಚಿಕೊಂಡು ಓಡಾಕತ್ತೈತಿ ಅನ್ನುವಷ್ಟು ಗಾಬರಿ ಅವರ ದನಿಯೊಳಗ.

ಅವರನ್ನೂ ಅನ್ನೂಹಂಗಿಲ್ಲ ಬಿಡ್ರಿ. ಸರಕಾರದವರು ಇಷ್ಟು ಯುನಿಟ್ ತನಕ ಕರೆಂಟ್ ಪುಕ್ಕಟೆ ಅಂದಾಗಿನಿಂದ ನಮ್ಮನ್ಯಾಗ ಬಿಲ್ಲಿನ ಮ್ಯಾಲೆ ಸೊನ್ನಿ ಬರೂದು ಮರ್ಯಾದಿ ಪ್ರಶ್ನೆ ಆಗೇತಿ. ಮೊದಲನೇ ಸೊನ್ನಿ ಬಿಲ್ಲನ್ನ ಇವರು ಬಾಜೂ ಮನಿಗೆ ಒಯ್ದು ತೋರಿಸಿ, ಚಹಾ ಕುಡದು ಬಂದಿದ್ರು. ಬೆಳಗಾವಿ ಹತ್ರದ ಮಚ್ಛೆಯ ಒಂದು ಸಣ್ಣ ಕಾರ್ಖಾನ್ಯಾಗ ಮಷಿನ್ನುಗಳ ಜೋಡಿ ಬಾಳೆ ಮಾಡಿದವರು. ಯಾವುದು ಎಷ್ಟು ಕರೆಂಟ್ ತಿಂತೈತಿ ಅಂತ ಅದರ ಸಪ್ಪಳದ ಮ್ಯಾಲೆ ಹೇಳ್ತಾರ. ಫ್ಯಾನು, ಟೀವಿ, ಮಿಕ್ಸರ್ ಎಲ್ಲಾ ಹೇಳಿದಂಗ ಕೇಳ್ತಾವು, ಬಟನ್ ಒತ್ತಿದರ ಸುಮ್ಮನಾಗ್ತಾವು. ಈ ಹಳೇ ಫ್ರಿಜ್ಜೊಂದು ಮಾತ್ರ ನಾವು ಮಲಗಿದಾಗೂ ತಿಂತೈತಿ, ಊರಿಗೆ ಹೋದಾಗೂ ತಿಂತೈತಿ.

ಖರೇ ಹೇಳಬೇಕಂದ್ರ, ಈ ಫ್ರಿಜ್ ನಮ್ಮದಾದರೂ ನಡಸ್ತಿದ್ದಾಕಿ ನನ್ನ ಅಕ್ಕ. ಅಕಿ ಇರೂದು ಖಾನಾಪುರದಾಗ. ಮನ್ಯಾಗ ಎಮ್ಮಿ ಅದಾವು, ಫ್ರಿಜ್ ಇಲ್ಲ. ಮಳಿಗಾಲದಾಗ ಅಲ್ಲಿ ಕರೆಂಟು ಬಂದರ ಬಂತು, ಇಲ್ಲಾಂದ್ರ ಇಲ್ಲ. “ಫ್ರಿಜ್ ತಗೊಂಡು ಏನ್ ಪೂಜಿ ಮಾಡ್ಲೇನು?” ಅಂತಾಳ. ಹಿಂಗಾಗಿ ಮಜ್ಜಿಗಿ ಕಡದು ತಗದ ಬೆಣ್ಣಿ ಉಂಡಿಗಳನ್ನ ಡಬ್ಬಿಯೊಳಗ ನೀರಾಗ ಮುಳುಗಿಸಿ, ವಾರಕ್ಕೊಮ್ಮೆ ಬಸ್ ಹತ್ತಿ ಬೆಳಗಾವಿಗೆ ಬಂದು, ನಮ್ಮ ಫ್ರಿಜ್ಜಿನಾಗ ಕೂಡಿಸಿಟ್ಟು ಹೋಗ್ತಿದ್ಲು. ದೊಡ್ಡ ಡಬ್ಬಿ ತುಂಬಿದ ದಿನ ಇಬ್ಬರೂ ಕೂಡಿ ತುಪ್ಪ ಕಾಸೂದು. ಅಕ್ಕ-ತಂಗಿ ಒಂದೇ ಪಾತೇಲ್ಯಾಗ ಕಾಸಿ ಹಂಚಿಕೋಬೇಕು ಅಂತ ನಮ್ಮವ್ವ ಹಾಕಿಕೊಟ್ಟ ಪದ್ಧತಿ ಅದು. ಇಳಸೂ ಮುಂದ ಒಂದು ವೀಳ್ಯದೆಲಿ ಹಾಕೂದು, ಮೊದಲ ಚಮಚ ದೇವರ ಜಗಲಿ ಮ್ಯಾಲಿನ ದೀಪಕ್ಕ. ತುಪ್ಪ ಸೋಸಿದ ಮ್ಯಾಲೆ ತಳದಾಗ ಕಂದು ಬಣ್ಣದ ಬೇರಿ ಉಳೀತೈತಲ್ಲ, ಅದಕ್ಕ ಬೆಲ್ಲ ಕಲಸಿ ನಾವಿಬ್ಬರೂ ಜಗಳಾಡಿಕೋತ ತಿಂತಿದ್ವಿ. ತಲಿ ಬೆಳ್ಳಗಾದ ಹೆಣಮಕ್ಕಳು ಹಂಗ ಪಾತೇಲಿ ಕೆರಕೊಂಡು ತಿನ್ನೂದನ್ನ ನೋಡಿ ಇವರು ನಗತಿದ್ರು. ಅವರಿಗೆ ಒಂದು ಚೂರೂ ಕೊಡ್ತಿರಲಿಲ್ಲ.

ಫ್ರಿಜ್ಜು ತಂಪು ಹುಟ್ಟಸೂದಿಲ್ಲಂತ. ಒಳಗಿನ ಬಿಸಿ ಹಿಡಕೊಂಡು ಹಿಂದ ಒಗೀತೈತಂತ. ಈ ಶಾಸ್ತ್ರ ನಾ ಸಾಲ್ಯಾಗ ಕಲಿತದ್ದಲ್ಲ, ಅಕ್ಕನ ಕೈಚೀಲದಿಂದ ಕಲಿತದ್ದು. ಮಳ್ಯಾಗ ತೊಯ್ಸಿಕೊಂಡು ಬಂದಳಂದ್ರ ಚೀಲಾ ಒಯ್ದು ಫ್ರಿಜ್ಜಿನ ಹಿಂದ ತೂಗಹಾಕ್ತಿದ್ಲು. ಹೊಂಡೂ ಹೊತ್ತಿಗೆ ಅದು ಗರಿಗರಿ. “ನೋಡ ತಂಗಿ, ನನ್ನ ಬೆಣ್ಣಿ ಬಿಸಿನ ನನ್ನ ಚೀಲಾ ಒಣಗಸ್ತೈತಿ” ಅಂತಿದ್ಲು. ಇವರು, “ಅಕ್ಕಾರು ಇಂಜಿನಿಯರ್ ಆಗಬೇಕಿತ್ತರೀ” ಅಂತಿದ್ರು.

ಹೋದ ಬ್ಯಾಸಗ್ಯಾಗ ಬಿಲ್ಲಿನ ಮ್ಯಾಲಿನ ಸೊನ್ನಿ ಹಾರಿಹೋತು. ಇವರು ಅಡಗಿಮನ್ಯಾಗ ಅಕ್ಕ ಅದಾಳನ್ನೂದನ್ನೂ ಮರತು, “ಎಲ್ಲಾ ಈ ಫ್ರಿಜ್ಜಿಂದ! ಇಷ್ಟು ತುಂಬಿದರ ಅದಾದರೂ ಏನ್ ಮಾಡೀತು?” ಅಂತ ಒದರಿದ್ರು. ಅಕ್ಕ ಡಬ್ಬಿ ತಗದು ಹಸೀ ಟಾವೆಲ್‌ದಾಗ ಸುತ್ತಾಕ ಹತ್ತಿದ್ಲು. ನಾ ಕೈ ಹಿಡದೆ. ಸಿಟ್ಟಾಗಿದ್ರ ರಮಿಸಬಹುದಿತ್ತು, ಅಕಿ ಸಿಟ್ಟಾಗಿರಲೇ ಇಲ್ಲ. “ಹೇರು ಜಾಸ್ತಿ ಆದ್ರ ಎತ್ತು ಮೇವು ಜಾಸ್ತಿ ತಿಂತೈತಲ್ಲವಾ? ನನ್ನ ಬೆಣ್ಣಿ ಹೇರಿಗೆ ನಿಮ್ಮ ಸೊನ್ನಿ ಯಾಕ ಹೋಗಬೇಕು?” ಅಂದು ಬಸ್ ಹತ್ತಿದ್ಲು.

ಆವಾಗಿಂದ ನಮ್ಮನಿಗೆ ತುಪ್ಪ ಬರ್ತಿತ್ತು, ಅಕ್ಕ ಬರ್ತಿರಲಿಲ್ಲ. ಬೆಳಗಾವಿಗೆ ಬರೂ ಯಾರದರ ಕೈಯಾಗ ಕಳಸ್ತಿದ್ಲು. ವೀಳ್ಯದೆಲಿ ವಾಸನಿ ಹಂಗ ಇತ್ತು. ಬೇರಿ ಒಬ್ಬಾಕಿನ ತಿಂತಿದ್ಲೋ, ಚೆಲ್ತಿದ್ಲೋ ಗೊತ್ತಿರಲಿಲ್ಲ. ನನಗ ತುಪ್ಪ ಬ್ಯಾಡಾಗಿತ್ತು, ಅಕ್ಕ ಬೇಕಾಗಿದ್ಲು.

ತಮಾಷಿ ಅಂದ್ರ, ಡಬ್ಬಿ ಹೋದ ಮ್ಯಾಲೂ ಬಿಲ್ಲಿನ ಮ್ಯಾಲೆ ಸೊನ್ನಿ ತಿರುಗಿ ಬರಲಿಲ್ಲ. ಇವರು ಫ್ರಿಜ್ಜಿಗೆ ಕಿವಿ ಹಚ್ಚಿ ನೋಡಿದ್ರು, ಬಾಗಲದ ರಬ್ಬರ್ ಒತ್ತಿ ನೋಡಿದ್ರು. ಕಡೀಕ, “ಖಾಲಿ ಇದ್ರೂ ಅಷ್ಟ, ತುಂಬಿದ್ರೂ ಅಷ್ಟ. ನೀ ಬಾಗಲಾ ತಗದು ನಿಂದ್ರತೀಯಲ್ಲ, ಆವಾಗ ತಂಪೆಲ್ಲಾ ಹೊರಗ ಬೀಳ್ತೈತಿ. ಒಂದಿಷ್ಟು ನೀರಿನ ಬಾಟ್ಲಿ ತುಂಬಿಡು” ಅಂದ್ರು. ಇಟ್ಟೆ. ಜಾಗಾ ತುಂಬಿತು. ಆದ್ರ ನೀರಿನ ಬಾಟ್ಲಿ ಸಲುವಾಗಿ ಖಾನಾಪುರದಿಂದ ಯಾರೂ ಬಸ್ ಹತ್ತಿ ಬರೂದಿಲ್ಲ.

ಒಂದಿನ ತಡೀಲಾರದ ಫೋನ್ ಮಾಡಿದೆ. “ಅಕ್ಕಾ, ಫ್ರಿಜ್ ಖಾಲಿ ಇಟ್ಟರ ಕರೆಂಟ್ ಜಾಸ್ತಿ ತಿಂತೈತಂತ. ನೀ ಹೋದಾಗಿಂದ ನಮಗ ಭಾಳ ಲುಕ್ಸಾನ್ ಆಗಾಕತ್ತೈತಿ.”

“ಹೌದಾ? ಅವರಿಗೆ ಕೊಡು ಫೋನು” ಅಂದ್ಲು. ನಾ ನಂಬಿಕಿಗೆ ಅರ್ಹಳಲ್ಲ, ಅಕೀಗೆ ಗೊತ್ತೈತಿ.

ಇವರು ಯುನಿಟ್ಟಿನ ವಿಷಯದಾಗ ಸುಳ್ಳು ಹೇಳೂ ಮನಶ್ಯಾ ಅಲ್ಲ. ನನ್ನ ಮಾರಿ ನೋಡಿದ್ರು, ಫ್ರಿಜ್ ನೋಡಿದ್ರು, ಕೆಮ್ಮಿದ್ರು. “ಖರೇ ಐತ್ರೀ ಅಕ್ಕಾರ. ಬೆಣ್ಣಿ ಇದ್ರ ತಂಪು ಹಿಡದಿಡ್ತೈತ್ರಿ. ಬರ್ರಿ ನೀವು” ಅಂದ್ರು.

ತಂಗಿ ಸಲುವಾಗಿ ಬಾರದಾಕಿ ತಂಗಿ ಬಿಲ್ ಉಳಸೂ ಸಲುವಾಗಿ ಬಂದ್ಲು! ಚೀಲಾ ಫ್ರಿಜ್ಜಿನ ಹಿಂದ ಹೋತು, ಡಬ್ಬಿ ಒಳಗ ಹೋತು.

ಮೊನ್ನೆ ಡಬ್ಬಿ ತುಂಬಿತ್ತು. ತುಪ್ಪ ಕಾಸಿ, ಬೇರಿ ತಿನಕೋತ ಕುಂತಿದ್ವಿ. ಅಷ್ಟರಾಗ ಮೀಟರ್ ನೋಡಾಂವ ಬಂದು ಬಿಲ್ ಕೊಟ್ಟು ಹೋದ. ಇವರು ಬಾಗಲದಾಗ ನಿಂತು ಓದಿದ್ರು. ನಾ ಅವರ ಮಾರಿ ಓದಿದೆ, ಸೊನ್ನಿ ಇರಲಿಲ್ಲ.

“ಎಷ್ಟ್ ಬಂತ್ರಿ?” ಅಂತ ಅಕ್ಕ ಕೇಳಿದ್ಲು.

ಇವರು ಬಿಲ್ ಮಡಚಿ ಕಿಸೇದಾಗ ಇಟ್ಟುಕೊಂಡ್ರು. “ಸೊನ್ನಿರೀ ಅಕ್ಕಾರ.”

“ನಾ ಹೇಳಲಿಲ್ಲಾ?” ಅಂತ ಅಕ್ಕ ಬೀಗಿದ್ಲು. ಅಕಿ ಏನೂ ಹೇಳಿರಲಿಲ್ಲ. ಹಂಗ ಬೀಗಿಕೋತ ಎಂದೂ ಇಲ್ಲದ್ದು ಒಂದು ಉಂಡಿ ಬೇರಿ ಇವರ ಅಂಗೈಮ್ಯಾಲೆ ಇಟ್ಟಳು. ನಾ ಎದ್ದು ಹೋಗಿ ಫ್ರಿಜ್ಜಿನ ಬಾಗಲಾ ತಗದು ನಿಂತೆ. ಏನೂ ಬೇಕಾಗಿರಲಿಲ್ಲ. ಭಾಳ ಹೊತ್ತು ನಿಂತೆ. ಹಾಕು ಅಂತ ಯಾರೂ ಅನ್ನಲಿಲ್ಲ.