ಅತ್ತೆಯ ಕಿಟ್ಲಿಗೆ ಹಿಡಿದ ಬೆಳ್ಳುಳ್ಳಿ

ನಮ್ಮ ಅತ್ತೆ ಲೀಲಾಬಾಯಿ ಸೋಲಾಪುರದ ಈ ಚಾದರಿನ ವ್ಯಾಪಾರಿ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಯಿತು. ತವರು ಅಕ್ಕಲಕೋಟೆ ಕಡೆಯ ತಡವಳ. ಅಲ್ಲಿಂದ ತಂದದ್ದರಲ್ಲಿ ಈಗ ಉಳಿದಿರುವುದು ಒಂದು ಚಹಾದ ಕಿಟ್ಲಿ ಮಾತ್ರ. ಅವರವ್ವ ಹೊಲದ ಮಣ್ಣು ಕಲಸಿ, ಕೈಯಿಂದಲೇ ತಟ್ಟಿ ಸುಟ್ಟದ್ದು. ಮೂತಿ ಎಡಕ್ಕೆ ವಾಲಿದೆ. ಬಗ್ಗಿಸಿದರೆ ಕಪ್ಪಿಗೆ ಅರ್ಧ, ಕೆಳಗಿನ ಬಸಿಗೆ ಅರ್ಧ.

ಉಳಿದದ್ದೆಲ್ಲ ಎಲ್ಲಿ ಹೋಯಿತು ಅಂದರೆ, ಮಂಗಳವೇಢೆಗೆ. ಅಲ್ಲಿ ನಮ್ಮ ಮಾವನ ಅಕ್ಕ ಅಕ್ಕನಾಗಮ್ಮ ಇದ್ದಾರೆ. ಮನೆಮಗಳು ತವರಿಗೆ ಬಂದು ಏನನ್ನಾದರೂ ನೋಡಿ "ಛಂದ ಐತಲ್ಲ" ಅಂದರೆ, ಅದನ್ನು ಕಟ್ಟಿಕೊಡುವುದು ಈ ಮನೆಯ ಪದ್ಧತಿ. ಹಿತ್ತಾಳೆ ಕೊಡ ಛಂದ ಇತ್ತು, ಹೋಯಿತು. ಕೌದಿ ಛಂದ ಇತ್ತು, ಅದೂ ಹೋಯಿತು. ಆ ಮುದುಕಿಯ ಕಣ್ಣಿಗೆ ನಾನೊಬ್ಬಳು ಛಂದ ಕಾಣಲಿಲ್ಲ, ಪುಣ್ಯ.

ಕಿಟ್ಲಿಯ ಚಹಾದ ರುಚಿಯೇ ಬೇರೆ. ಸ್ಟೀಲ್ ಪಾತ್ರೆಯಲ್ಲಿ ಕುದಿಸಿದ ಕರಿ ಚಹಾ ಸೋಸಿ ಅದಕ್ಕೆ ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ, ಒಗರನ್ನೆಲ್ಲ ಮಣ್ಣು ಹೀರಿಕೊಳ್ಳುತ್ತದೆ. ಹಾಲು, ಸಕ್ಕರೆ ಆಮೇಲೆ ಕಪ್ಪಿನಲ್ಲಿ. ಸಾಬೂನು ಮುಟ್ಟಿಸುವಂತಿಲ್ಲ. ಮದುವೆಯಾದ ಹೊಸದರಲ್ಲಿ ಗೊತ್ತಿಲ್ಲದೆ ನಾನು ಅದನ್ನು ಗಸಗಸ ತಿಕ್ಕಿ ತೊಳೆದು, ತಿಂಗಳುಗಟ್ಟಲೆ ಮನೆಮಂದಿಗೆಲ್ಲ ಸಾಬೂನಿನ ಚಹಾ ಕುಡಿಸಿದ್ದೇನೆ.

ಹೋದ ತಿಂಗಳು ಅಕ್ಕನಾಗಮ್ಮನವರ ಫೋನ್ ಬಂತು. "ರವಿವಾರ ಬರ್ತೀನಿ ಲೀಲಾ. ನಿಮ್ಮ ಆ ಕಿಟ್ಲಿ ಭಾಳ ಛಂದ ಐತಲ್ಲ?"

"ಬರ್ರಿ ಅಕ್ಕಾರ" ಅಂದು ಫೋನ್ ಇಟ್ಟ ಅತ್ತೆ ಗರ ಬಡಿದವರ ಹಾಗೆ ಕೂತುಬಿಟ್ಟರು. ಆಮೇಲೆ ಎದ್ದು ಹೋಗಿ ಶೇಂಗಾ ಚಟ್ನಿಯ ಡಬ್ಬಿ ಇಳಿಸಿ, ಇನ್ನಷ್ಟು ಬೆಳ್ಳುಳ್ಳಿ ಜಜ್ಜಿ ಸೇರಿಸಿ, ಕಿಟ್ಲಿಗೆ ಕಂಠಮಟ್ಟ ತುಂಬಿದರು.

"ಅತ್ತಿ, ಏನ್ ಮಾಡಾಕತ್ತೀರಿ?"

"ಸುಮ್ನಿರು ಸಾರಿಕಾ. ನಿನ್ನ ಸಾಬೂನು ನೋಡೇ ಕಲ್ತೀನಿ."

ನಾಲ್ಕು ದಿನ ಹಾಗೇ ಇಟ್ಟು, ರವಿವಾರ ಚಟ್ನಿ ತೆಗೆದು, ನೀರಾಡಿಸಿ ಅದರಲ್ಲೇ ಚಹಾ ಮಾಡಿದರು. ಬೆಳ್ಳುಳ್ಳಿ ವಾಸನೆ ಪಡಸಾಲೆಯವರೆಗೆ ಬಂತು. ಅಕ್ಕನಾಗಮ್ಮ ಒಂದು ಗುಟುಕು ಕುಡಿದು ಕಪ್ಪನ್ನೇ ದಿಟ್ಟಿಸಿದರು. ನಾನು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡೆ. ಎರಡನೆಯ ಗುಟುಕು, ಮೂರನೆಯದು, ಆಮೇಲೆ ಓಣಿಗೆಲ್ಲ ಕೇಳುವಂಥ ಒಂದು ತೇಗು.

"ನಾಕ್ ದಿನದಿಂದ ಹೊಟ್ಟಿ ಉಬ್ಬಿತ್ತು, ಈಗ ಹಗುರಾತು ನೋಡು. ಇನ್ನೊಂದ್ ಕಪ್ ಹಾಕು. ಈ ಕಿಟ್ಲಿ ಅಂತೂ ನಂಗ ಬೇಕಾ ಬೇಕು" ಎಂದು ಚೀಲ ಬಿಚ್ಚಿದರು.

ಅತ್ತೆ ಕಿಟ್ಲಿಗೆ ಹಳೆಯ ಪೇಪರ್ ಒಂದು ಸುತ್ತು ಸುತ್ತಿದವರು ಹಾಗೇ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕಣ್ಣಲ್ಲಿ ನೀರು.

"ಇದನ್ನ ಕೊಡೂದಿಲ್ಲ ಅಕ್ಕಾರ. ನೀವು ಒಯ್ಯಬಾರ್ದಂತ ನಾನೇ ಚಟ್ನಿ ತುಂಬಿಟ್ಟಿದ್ದೆ. ನಮ್ಮವ್ವನ ಕೈದು ಇದೊಂದು ಉಳದೈತಿ."

ಈ ಮನೆಯಲ್ಲಿ ಅಂಥ ಮಾತನ್ನು ಯಾರೂ ಆಡಿದ್ದಿಲ್ಲ. ಅಕ್ಕನಾಗಮ್ಮ ಉಳಿದ ಚಹಾ ಮುಗಿಸಿ, ಚೀಲ ಮಡಚಿ ಬಗಲಿಗಿಟ್ಟುಕೊಂಡರು.

"ಕೊಡ ಕೊಟ್ಟಿ, ಕೌದಿ ಕೊಟ್ಟಿ. ಬ್ಯಾಡ ಅಂದಿದ್ರ ನಾ ಕಸಗೊಂಡು ಹೋಗ್ತಿದ್ನೇನ? ನಲವತ್ತು ವರ್ಷಕ್ಕ ಒಂದ್ ಸಲ ಇಲ್ಲ ಅನ್ನಾಕ ಮನಸ್ ಮಾಡಿದಿ, ಅದನ್ನೂ ಬಳ್ಳೊಳ್ಳಿ ಕಡಿಂದ ಹೇಳಸಾಕ ಹೋದ್ಯಲ್ಲ ಲೀಲಾ."