ಏಳು ಬಲಗಳ ಹಲಗೆ

ಇಲೊದೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ವಿಕಿರಣ ಕೊಡುವ ವಿಭಾಗದ ಬಾಗಿಲಿಗೆ ಹೊಸ ಹಲಗೆ ಬಂತು. ಮೇಲೆ ‘ನಮ್ಮ ಬಲಗಳು’ ಎಂದು ಬಂಗಾರದ ಬಣ್ಣದ ಅಕ್ಷರ, ಕೆಳಗೆ ಏಳು ಸಾಲು. ಮೊದಲ ಸಾಲು ಯಂತ್ರದ್ದು, ಎರಡನೆಯದು ‘ದೂರದೃಷ್ಟಿಯ ನಾಯಕತ್ವ’. ಅಂದರೆ ಮುಖ್ಯಸ್ಥ ಪ್ರೊಫೆಸರ್ ಒಗುನ್‌ಬಿಯಿ. ಆಹಾ, ಎಂಥಾ ದೃಷ್ಟಿ! ರೋಗಿಯ ಮೈ ಮುಟ್ಟಿ ಆರು ವರ್ಷವಾಗಿತ್ತು ಮಹಾನುಭಾವನಿಗೆ.

ಇಪ್ಪತ್ಮೂರು ವರ್ಷದಿಂದ ಯಂತ್ರ ನಡೆಸುತ್ತಿದ್ದ ಮೊರೊಲಾಕೆ ಅದನ್ನು ಓದಿ ಮೂಗು ಮುರಿದಳು. ದರ್ಜಿಯ ಮಗಳು ಆಕೆ. ಚಿಕ್ಕಂದಿನಲ್ಲಿ ಅಪ್ಪನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದವಳು, ಈಗ ರೋಗಿಗಳ ಮೈಮೇಲೆ ನೇರಳೆ ಶಾಯಿಯಿಂದ ಎಳೆಯುತ್ತಾಳೆ. ಆ ಗೆರೆ ನೋಡಿಕೊಂಡೇ ಕಿರಣ ಬಿಡಬೇಕು. ಕರೆಂಟು ಹೋದರೆ ಜನರೇಟರಿಗೆ ಡೀಸೆಲ್ ತರಿಸುವವಳೂ ಅವಳೇ. ಹಲಗೆಯಲ್ಲಿ ಅವಳ ಸುದ್ದಿಯಿಲ್ಲ.

ಹಲಗೆಯ ಪರದೆ ಸರಿಸಲು ರಾಜಧಾನಿ ಅಬುಜಾದಿಂದ ಮಂತ್ರಿ ಬರುವ ದಿನವೇ ತಿತಿಲಾಯೊ ಬಂದಳು. ಸಂತೆಯಲ್ಲಿ ಅಲಸಂದೆಯ ಅಕಾರಾ ವಡೆ ಕರಿದು ಮಾರುವವಳು. ಎಡಸ್ತನದ ಗಂಟನ್ನು ತೆಗೆಸಿಕೊಂಡು, ಇಪ್ಪತ್ತೈದು ದಿನದ ವಿಕಿರಣದಲ್ಲಿ ಒಂಬತ್ತು ಮುಗಿಸಿದ್ದಳು. ಅವಳು ಮಂಡಿಯೂರಿ ನಮಸ್ಕಾರ ಮಾಡಿ ರವಿಕೆ ಬಿಚ್ಚಿದಾಗ ಮೊರೊಲಾಕೆ ಬಗ್ಗಿ ನೋಡಿದಳು. ಒಂದು ಗೆರೆಯೂ ಇಲ್ಲ!

“ಎಲ್ಲೇ ಹೋಯ್ತು ಶಾಯಿ?”

“ಬೈಬೇಡಿ ಅಕ್ಕಾ. ಬಿಳಿ ನಿಲುವಂಗಿಯ ನಮ್ಮ ಪಾದ್ರಿ ಹೊಳೇಲಿ ಸ್ನಾನ ಮಾಡಿಸಿದ್ರು. ಕಪ್ಪು ಸೋಪು, ಹೊಸ ನಾರು. ಮೈಮೇಲಿರೋ ಕಾಯಿಲೆಯ ಗುರುತೆಲ್ಲಾ ಹೋಗ್ಲಿ ಅಂತ ತಿಕ್ಕಿದ್ರು.”

“ಅಯ್ಯೋ ನನ್ನ ಹಣೆಬರಹವೇ! ಅದು ಕಾಯಿಲೆಯ ಗುರುತಲ್ಲ ಕಣೇ, ನನ್ನ ಗುರುತು!”

ಅಷ್ಟರಲ್ಲಿ ಪ್ರೊಫೆಸರ್ ಬಂದ. ಗಂಜಿ ಹಾಕಿ ಇಸ್ತ್ರಿ ಮಾಡಿದ ನೀಲಿ ಅಗ್ಬಾಡಾ ನಿಲುವಂಗಿ, ಅದರೊಳಗೆ ಒಂದಿಷ್ಟು ಮನುಷ್ಯ.

“ಮೇಡಂ, ಇನ್ನೊಂದು ಗಂಟೇಲಿ ಮಂತ್ರಿ ಬರ್ತಾರೆ. ಯಂತ್ರದ ಕೆಳಗೆ ಒಬ್ಬ ರೋಗಿ ಇರ್ಬೇಕು. ಇವಳನ್ನೇ ಮಲಗಿಸಿ.”

“ಗೆರೆ ಅಳಿಸಿದೆ, ಪ್ರೊಫ್. ಸ್ಕ್ಯಾನ್ ಮಾಡಿ ಮತ್ತೆ ಗುರುತು ಹಾಕ್ಬೇಕು.”

“ಇಷ್ಟು ವರ್ಷದ ಅನುಭವ ನಿಮ್ದು. ಅಂದಾಜಲ್ಲಿ ಎಳೀರಿ.”

“ಎಡಗಡೆ ಇದು. ಕೆಳಗಡೆನೇ ಹೃದಯ ಇದೆ.”

“ಸ್ಕ್ಯಾನ್ ಕೋಣೇಲಿ ಅತಿಥಿಗಳ ಮಾಲ್ಟ್ ಪಾನೀಯ ಇಟ್ಟಿದೀವಲ್ಲ! ತಣ್ಣಗಿರೋ ಕೋಣೆ ಅದೊಂದೇ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾಯಕತ್ವದ ದೂರದೃಷ್ಟಿ ಮಾಲ್ಟ್ ಬಾಟಲಿಯಿಂದ ಆಚೆಗೆ ಹೋಗಲಿಲ್ಲ.

ಮೊರೊಲಾಕೆ ತೋಳು ಮಡಚಿ, ಮಾಲ್ಟಿನ ಹದಿನೆಂಟು ಕ್ರೇಟುಗಳನ್ನು ಒಂದೊಂದಾಗಿ ಹೊತ್ತು ಅಂಗಳದ ಬಿಸಿಲಿಗೆ ಹಾಕಿದಳು. ಕಿರಿಯ ಡಾಕ್ಟರನ್ನು ಕರೆಸಿ, ತಿತಿಲಾಯೊಳನ್ನು ಸ್ಕ್ಯಾನಿಗೆ ಮಲಗಿಸಿ, ಮೊದಲಿನ ಚಿತ್ರದ ಜೊತೆ ಹೋಲಿಸಿ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಗೆರೆ ಎಳೆದಳು. ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿದಳು. “ಇನ್ನು ನಿನ್ನ ಪಾದ್ರಿ ಕಾಲು ತೊಳೀಲಿ, ತಲೆ ತೊಳೀಲಿ. ಎದೆ ಮುಟ್ಟಿದ್ರೆ ನಾನೇ ಬಂದು ಅವನನ್ನ ಹೊಳೇಲಿ ಅದ್ದುತೀನಿ ಅಂತ ಹೇಳು.”

ಮಂತ್ರಿ ಬಂದಾಗ ಯಂತ್ರದ ಕೆಳಗೆ ಯಾರೂ ಇರಲಿಲ್ಲ. ಬಿಸಿ ಮಾಲ್ಟ್ ಕುಡಿದು ಮುಖ ಕಿವುಚಿದ, ಪರದೆ ಎಳೆದ, ಹೋದ. ಅವನ ಕಾರಿನ ಧೂಳು ಅಡಗಿದ ಮೇಲೆ ಯಂತ್ರ ಸದ್ದಿಲ್ಲದೆ ಹತ್ತನೆಯ ದಿನದ ಕೆಲಸ ಮುಗಿಸಿತು.

ಮಾರನೆಯ ಬೆಳಿಗ್ಗೆ ಮೊರೊಲಾಕೆಗೆ ನೋಟೀಸು ಬಂತು. ಅತಿಥಿಗಳ ಪಾನೀಯವನ್ನು ಬಿಸಿಲಿಗೆ ಹಾಕಿದ್ದೇಕೆಂದು ಇಪ್ಪತ್ನಾಲ್ಕು ಗಂಟೆಯೊಳಗೆ ಲಿಖಿತ ಉತ್ತರ ಕೊಡಬೇಕಂತೆ. ‘ಅವುಗಳಿಗೆ ಹೃದಯವಿಲ್ಲ’ ಎಂದು ಬರೆದು ಕಳಿಸಿದಳು.

ತಿತಿಲಾಯೊ ಪೊಟ್ಟಣದ ತುಂಬ ಬಿಸಿ ಅಕಾರಾ ತಂದಿದ್ದಳು. ಬಾಗಿಲಲ್ಲಿ ನಿಂತು ಹಲಗೆ ನೋಡಿದಳು. “ಏನು ಬರ್ದಿದೆ ಅಕ್ಕಾ?”

ಮೊರೊಲಾಕೆ ಏಳು ಸಾಲನ್ನೂ ಓದಿ ಹೇಳಿದಳು.

“ನಿಮ್ಮ ಹೆಸರು ಯಾವ ಸಾಲಲ್ಲಿದೆ?”

“ನಂದಿಲ್ಲ ಬಿಡೇ.”

“ಓ, ಹಾಗೋ?” ಎಂದ ತಿತಿಲಾಯೊ ಎಣ್ಣೆಯ ಕೈಯನ್ನು ಎರಡನೆಯ ಸಾಲಿನುದ್ದಕ್ಕೂ ನೆಮ್ಮದಿಯಾಗಿ ಒರೆಸಿ, ರವಿಕೆ ಬಿಚ್ಚುತ್ತಾ ಒಳಗೆ ನಡೆದಳು.