ಐವತ್ತೆರಡು ಇಂಚಿನ ಬಾಗಿಲು

ಧರೆಪ್ಪನ ಮೇಲೆ ಬಂದಷ್ಟು ಸಿಟ್ಟು ನನಗೆ ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ, ಆದರೆ ಈಗ ಅದು ಯಾರ ಮೇಲೆ ಎಂದು ಹೇಳುವುದು ಕಷ್ಟ.

ಆತ ಕಬ್ಬೂರಿನ ಬಡಿಗ. ವಯಸ್ಸು ಅರವತ್ತೊಂದು. ಚಿಕ್ಕೋಡಿಯಿಂದ ರಾಯಬಾಗದ ತನಕ ಆತ ಕೂಡಿಸಿದ ಬಾಗಿಲು ಇಲ್ಲದ ಊರಿಲ್ಲ. ಈಗ ಜನ ಅಂಗಡಿಯಿಂದ ಸಿದ್ಧ ಬಾಗಿಲು ತಂದು ನಿಲ್ಲಿಸುತ್ತಾರೆ. ಹಾಗಾಗಿ ಧರೆಪ್ಪ ದಿನಾ ಬಸ್ಸು ಹಿಡಿದು ನಿಪ್ಪಾಣಿಯ ನಮ್ಮ ವರ್ಕ್‌ಶಾಪಿಗೆ ಬರುತ್ತಾನೆ. ಇಲ್ಲಿ ನಾವು ಮಾಡುವುದು ಪ್ಲೈವುಡ್ಡಿನ ರೈಲು. ನಗಬೇಡಿ. ದೊಡ್ಡ ಊರಿನವರು ಮೆಟ್ರೋಗೆ ಹೊಸ ರೈಲು ಕೊಳ್ಳುವ ಮೊದಲು ಅರ್ಧ ಬೋಗಿಯನ್ನು ಅದೇ ಅಳತೆಯಲ್ಲಿ ಕಟ್ಟಿಗೆಯಿಂದ ಮಾಡಿಸಿ, ಒಳಗೆ ಕೂತು, ನಿಂತು ನೋಡುತ್ತಾರೆ. ಅವರು ಒಪ್ಪಿದ ಮೇಲೆಯೇ ಕಾರ್ಖಾನೆಯವರು ಲೋಹಕ್ಕೆ ಕೈ ಹಚ್ಚುವುದು. ನಕ್ಷೆ ತೆಗೆಯುವವಳು ನಾನು, ಮನೀಷಾ.

ಒಪ್ಪುವುದೆಂದರೆ ಸುಮ್ಮನೆಯೇ? ಮೊದಲ ಸಲ ಬಂದ ಸಮಿತಿ ಸೀಟು ಗಿಡ್ಡವಾಯಿತು ಎಂದಿತು. ಎತ್ತರಿಸಿದೆವು. ಎರಡನೇ ಸಲ ಬಂದವರೇ ಬೇರೆ. ಸೀಟು ಎತ್ತರವಾಯಿತು ಎಂದರು. ತಲೆ ಕೆಟ್ಟು ಕೆರ ಹಿಡಿಯಿತು. ಮಾಲೀಕ ಜ್ಞಾನದೇವ ನನ್ನ ಮೇಜಿನ ಮುಂದೆ ನಿಂತು, "ಮನೀಷಾ, ಇನ್ನೊಮ್ಮೆ ನಾಪಾಸಾದ್ರ ಆರ್ಡರ್ ಬ್ಯಾರೇದವ್ರಿಗೆ ಹೋಗ್ತೈತಿ. ಶಾಪಿಗಿ ಕೀಲಿ ಹಾಕೂದ" ಎಂದ. ಹನ್ನೊಂದು ಜನರ ಅನ್ನ ಅದರಲ್ಲಿತ್ತು.

ಮೂರನೇ ಸಲ ಸೀಟಿನ ತಂಟೆ ಬರಲಿಲ್ಲ. ಅಧಿಕಾರಿಯೊಬ್ಬರು ಬಾಗಿಲಿಗೆ ಅಳತೆಯ ಯಂತ್ರ ಹಿಡಿದರು. ನಕ್ಷೆಯಲ್ಲಿ ಐವತ್ತೆರಡು ಇಂಚು, ಬಾಗಿಲು ಐವತ್ತಮೂರು. "ಸೋಮವಾರ ಬರುತ್ತೇವೆ, ಅದೇ ಕೊನೆ" ಎಂದು ಹೊರಟರು.

ಟೇಪು ಹಿಡಿದು ಧರೆಪ್ಪನ ಎದುರು ಹೋದೆ. ಕೈ ತಪ್ಪಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಮನುಷ್ಯ ಹಾಗೆನ್ನಲಿಲ್ಲ.

"ಬೇಕಂತನ ಹೆಚ್ಚ ಮಾಡೀನ್ರಿ ಬಾಯಾರ. ಆಯ ಕೂಡಿದ್ದಿಲ್ಲ."

ಬಾಗಿಲಿನ ಅಳತೆಯನ್ನು ಎಂಟರಿಂದ ಭಾಗಿಸಿ, ಉಳಿದದ್ದನ್ನು ಆಯ ಎಂದು ಕರೆದು, ಅದರಲ್ಲಿ ಶುಭ ಅಶುಭ ನೋಡುವುದು ಹಳೆಯ ಬಡಿಗರ ಪದ್ಧತಿ. ಐವತ್ತೆರಡಕ್ಕೆ ನಾಲ್ಕು ಉಳಿಯುತ್ತದೆ, ಅದು ಶ್ವಾನಾಯ, ನಾಯಿಯ ಪಾಲು. ಐವತ್ತಮೂರಕ್ಕೆ ಐದು, ವೃಷಭಾಯ. ಬಸವಣ್ಣನ ಪಾಲು, ಶುಭ.

"ಇದು ಪ್ಲೈವುಡ್ ಐತ್ರಿ ಕಾಕಾರ. ಇದರಾಗ ಯಾರೂ ಸಂಸಾರ ಮಾಡಂಗಿಲ್ಲ. ನೋಡ್ತಾರ, ಒಡದ ಒಗೀತಾರ."

"ಇದನ್ನ ನೋಡೇ ಅಲ್ರಿ ಖರೇ ಬಾಗಲಾ ಮಾಡೂದು? ದಿನಾ ಎಷ್ಟ ಮಂದಿ ದಾಟ್ತಾರ? ಬಸರ ಹೆಣ್ಮಕ್ಕಳು ದಾಟಂಗಿಲ್ಲೇನ?" ಆತ ಉಳಿ ಒರೆಸುತ್ತಲೇ ಇದ್ದ. "ಭೋಜ ಊರಾಗ ಒಮ್ಮೆ ಮನಿಯವ್ರ ಅವಸರಕ್ಕ ಆಯ ಬಿಟ್ಟ ಬಾಗಲಾ ಕೂಡ್ಸಿದ್ದೆ. ಆ ಮನಿ ಸೊಸಿ ಮೊದಲ್ನೇ ಹೆರಿಗ್ಯಾಗ ತೀರಕೊಂಡ್ಲು. ಬಾಗಲಾ ಕೊಂದೈತಿ ಅಂತ ನಾ ಅನ್ನಂಗಿಲ್ರಿ. ಆದ್ರ ಆಕೀ ಹೆಣಾ ನಾ ಮಾಡಿದ ಬಾಗಲದಾಗಿಂದನ ಹೊರಗ ಬಂತು."

ನನ್ನ ಸಿಟ್ಟು ಅದನ್ನೂ ಕೇಳಿಸಿಕೊಳ್ಳಲಿಲ್ಲ. "ಹನ್ನೊಂದ ಮನಿ ಒಲಿ ಆರ್ತಾವ. ಅದಕ್ಕ ಯಾ ಆಯ ನೋಡ್ತೀಯೋ ಮುದುಕಾ?" ಎಂದುಬಿಟ್ಟೆ. ಅಪ್ಪನ ವಯಸ್ಸಿನವನಿಗೆ, ಎಲ್ಲರ ಎದುರಿಗೆ.

ಧರೆಪ್ಪ ಚೌಕಟ್ಟು ಬಿಚ್ಚತೊಡಗಿದ. ಎರಡು ದಿನವೂ ಹೆಂಡತಿ ಗಿರಿಜವ್ವ ಕಟ್ಟಿ ಕಳಿಸಿದ ರೊಟ್ಟಿಗಂಟನ್ನು ಬಿಚ್ಚದೆ ಮರಳಿ ಒಯ್ದ. ಸೋಮವಾರ ಬೆಳಿಗ್ಗೆ ಬಾಗಿಲು ಐವತ್ತೆರಡು ಇಂಚಿತ್ತು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

ಸಮಿತಿ ಒಪ್ಪಿತು. ಒಪ್ಪಿಗೆ ಕಾಗದದಲ್ಲಿ ಕೆಲಸ ಮಾಡಿದ ಬಡಿಗನ ಹೆಸರಿಗೆ ಒಂದು ಸಾಲು ಇರುತ್ತದೆ. ಹಿಂದಿನ ಕೆಲಸಗಳಲ್ಲೆಲ್ಲ ಧರೆಪ್ಪ ಟವೆಲಿಗೆ ಕೈ ಒರೆಸಿಕೊಂಡು, ಹೆಸರಿನ ಮುಂದೆ ಊರನ್ನೂ ಸೇರಿಸಿ, ನಿಧಾನವಾಗಿ ಬರೆಯುತ್ತಿದ್ದ. ಈ ಸಲ ಪೆನ್ನು ನನ್ನ ಕೈಗೇ ಕೊಟ್ಟ.

"ನಿಮ್ಮ ಹೆಸರ ಬರೀರಿ ಬಾಯಾರ. ಇದು ನಿಮ್ಮ ಬಾಗಲಾ."

ಅಧಿಕಾರಿಗಳು ಕಾಯುತ್ತಿದ್ದರು. ಜ್ಞಾನದೇವ ಕಣ್ಣಲ್ಲೇ ಅವಸರ ಮಾಡಿದ. ಬರೆದೆ. ಒಬ್ಬರು ಅದನ್ನು ಓದಿ, "ಹೆಣ್ಣುಮಗಳು ಬಡಿಗತನ ಮಾಡಿದ್ದಾಳೆ, ನೋಡಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಲ್ಲ ಎಂದು ಹೇಳಲು ತಿರುಗಿದೆ. ಧರೆಪ್ಪನೂ ಅವರ ಜೊತೆ ಚಪ್ಪಾಳೆ ತಟ್ಟುತ್ತಿದ್ದ, ಮುಖದಲ್ಲಿ ಭಾರ ಇಳಿದವನ ನೆಮ್ಮದಿ. ನಾನು ಬಾಯಿ ಮುಚ್ಚಿಕೊಂಡೆ.